ಕಾಗೆಬಂಗಾರ ಹೊತ್ತು ಝಿನ್‌ವಾಲ್ಡಿಗೆ

ದೇವನಹಳ್ಳಿ

ಏರ್‌ಪೋರ್ಟಿನ ತಪಾಸಣೆಯಲ್ಲಿ ಅಕ್ಕ "ಬಂಗಾರ" ಅಂದುಬಿಟ್ಟಳು. ಆ ಒಂದು ಮಾತಿಗೆ ನಮಗೆ ಅರ್ಧ ಗಂಟೆ ಹೋಯಿತು.

ನನ್ನ ಕೈಚೀಲದಲ್ಲಿ ಟವೆಲ್ಲಿನೊಳಗೆ ಸುತ್ತಿಟ್ಟಿದ್ದ ಕಲ್ಲು ಯಂತ್ರದ ಪರದೆಯ ಮೇಲೆ ಕಪ್ಪಗೆ ಕಂಡಿತ್ತು. ಅಲ್ಲಿ ಕೂತಿದ್ದ ಹುಡುಗಿ ಚೀಲವನ್ನು ಪಕ್ಕಕ್ಕೆಳೆದು ಒಳಗೇನಿದೆ ಎಂದು ಕೇಳಿದಳು. ಖನಿಜದ ಮಾದರಿ ಎಂದು ಹೇಳಿ ನಾನು ಕಾಗದಪತ್ರ ತೆಗೆಯುವಷ್ಟರಲ್ಲಿ, ಹಿಂದೆ ಬರಿಗಾಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಅಕ್ಕ ನನಗೆ ಸಹಾಯ ಮಾಡಲು ಹೊರಟು, "ಏನಿಲ್ಲ ಕಣಮ್ಮ, ಕಾಗೆಬಂಗಾರ" ಅಂದಳು. ಆ ಹುಡುಗಿ ಯಾವೂರಿನವಳೋ, ಅವಳಿಗೆ ಕಾಗೆ ಕೇಳಿಸಲಿಲ್ಲ, ಬಂಗಾರ ಮಾತ್ರ ಕೇಳಿಸಿತು. ಇಬ್ಬರು ಹಿರಿಯ ಅಧಿಕಾರಿಗಳು ಬಂದರು. ನಾನು ಟವೆಲ್ ಬಿಚ್ಚಿ, ಅಂಗೈಯಗಲದ ಕಂದುಬಣ್ಣದ ಆ ಕಲ್ಲಿನ ಅಂಚಿನಿಂದ ಉಗುರಲ್ಲಿ ಒಂದು ಪದರ ಎಬ್ಬಿಸಿ ದೀಪಕ್ಕೆ ಹಿಡಿದು ತೋರಿಸಿದೆ. ಒಬ್ಬರು ಚಿಂತಾಮಣಿ ಕಡೆಯವರು. ಚಿಕ್ಕಂದಿನಲ್ಲಿ ಹೊಲದಲ್ಲಿ ಸಿಕ್ಕ ಇಂಥ ಹೊಳೆಯುವ ಪದರಗಳನ್ನು ಪುಸ್ತಕದ ನಡುವೆ ಇಟ್ಟುಕೊಳ್ಳುತ್ತಿದ್ದುದನ್ನು ನೆನೆಸಿಕೊಂಡು ನಗುತ್ತ ನಮ್ಮನ್ನು ಬಿಟ್ಟರು. ಅಕ್ಕ ಮಾತ್ರ ವಿಮಾನ ಏರುವವರೆಗೂ, ಇದ್ದದ್ದು ಇದ್ದಂಗೆ ಹೇಳಿದರೆ ಇವರಿಗ್ಯಾಕೆ ಅರ್ಥವಾಗಬಾರದು ಎಂದು ಗೊಣಗುತ್ತಿದ್ದಳು.

ಪಠ್ಯಪುಸ್ತಕದಲ್ಲಿ ಅಭ್ರಕ, ನಮ್ಮೂರಿನಲ್ಲಿ ಕಾಗೆಬಂಗಾರ. ಆ ಖನಿಜವನ್ನೂ ಅದನ್ನು ಹೊತ್ತ ಗ್ರಾನೈಟ್ ಬಂಡೆಗಳನ್ನೂ ನೋಡುವುದರಲ್ಲೇ ನನ್ನ ಆಯಸ್ಸು ಕಳೆದಿದೆ. ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಳಾಗಿ, ಈಗ ಸಹಕಾರನಗರದ ಮನೆಯಲ್ಲಿದ್ದೇನೆ. ಹುಟ್ಟಿದ್ದು ಯಲಹಂಕದ ಪುಟ್ಟೇನಹಳ್ಳಿಯಲ್ಲಿ. ಅಪ್ಪ ತೋಟದಲ್ಲಿ ಬಾವಿ ತೋಡಿಸಿದಾಗ ಎರಡಾಳು ಆಳಕ್ಕೆ ಬಂಡೆ ಸಿಕ್ಕಿತು. ಸಿಡಿಸಿದ ಚೂರುಗಳನ್ನು ಅಕ್ಕ ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಳು, ನಾನು ಅವುಗಳಲ್ಲಿ ಹೊಳೆಯುವುದನ್ನು ಆರಿಸುತ್ತ ಕೂತಿರುತ್ತಿದ್ದೆ. ಅಕ್ಕನ ಹೆಸರು ಜಯಮ್ಮ. ನನಗಿಂತ ಆರು ವರ್ಷ ದೊಡ್ಡವಳು, ಇಂದಿಗೂ ಪುಟ್ಟೇನಹಳ್ಳಿಯಲ್ಲೇ ಇದ್ದಾಳೆ. ಅವಳ ಮಕ್ಕಳು ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದವರು. ಅಮ್ಮನಿಗೆ ಸಿಂಗಾಪುರ ತೋರಿಸುತ್ತೇವೆ ಎಂದು ಪಾಸ್‌ಪೋರ್ಟ್ ಮಾಡಿಸಿ, ಕಟ್ಟಡದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದರು. ನನ್ನ ಯಜಮಾನರು ವಿಮಾನವೆಂದರೆ ಬೆವರುವವರು. ಹಾಗಾಗಿ ಜರ್ಮನಿಗೆ ನನ್ನ ಜೊತೆ ಹೊರಟವಳು ಅಕ್ಕ.

ಡ್ರೆಸ್ಡನ್

ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು ಹಿಡಿದೆವು. ನಮ್ಮ ಎದುರಿನ ಸೀಟಿನ ಹೆಂಗಸಿನ ಕಾಲ ಬಳಿ ಕರುವಿನಷ್ಟು ದೊಡ್ಡ ನಾಯಿಯೊಂದು ಮಲಗಿತ್ತು. ಅಕ್ಕ ಕಾಲು ಮೇಲೆತ್ತಿಕೊಂಡು ಕೂತಳು. ಟಿಕೆಟ್ ನೋಡುವವನು ಬಂದಾಗ ಆಕೆ ಎರಡು ಟಿಕೆಟ್ ತೋರಿಸಿದಳು. ಎರಡನೆಯದು ನಾಯಿಯದಂತೆ. ನಾನು ಇದನ್ನು ಹೇಳಿದ ಮೇಲೆ ಅಕ್ಕ ನಿಧಾನವಾಗಿ ಕಾಲು ಕೆಳಗಿಳಿಸಿದಳು. "ಟಿಕೆಟ್ ತಗೊಂಡು ಕೂತೈತೆ ಅಂದ್ರೆ ನಾವ್ಯಾಕೆ ಎದರ್ಕೋಬೇಕು" ಅಂದಳು.

ಡ್ರೆಸ್ಡನ್ನಿನಲ್ಲಿ ಒಂದು ದಿನ ಸುಧಾರಿಸಿಕೊಂಡೆವು. ಅಲ್ಲಿನ ಜನ ಕೆಂಪು ದೀಪವಿದ್ದರೆ ಖಾಲಿ ರಸ್ತೆಯನ್ನೂ ದಾಟುವುದಿಲ್ಲ. ಎರಡೂ ಕಡೆ ಒಂದು ಸೈಕಲ್ ಕೂಡ ಕಾಣದಿದ್ದರೂ ಹತ್ತು ಜನ ಸುಮ್ಮನೆ ನಿಂತಿರುತ್ತಾರೆ. ಹೆಬ್ಬಾಳದಲ್ಲಿ ಕೈ ಅಡ್ಡ ಹಿಡಿದು ಬಸ್ಸುಗಳನ್ನೇ ನಿಲ್ಲಿಸಿ ದಾಟಿದ ಅಕ್ಕ ಅಲ್ಲೂ ಅದೇ ರೀತಿ ಕೈ ಚಾಚಿ ರಸ್ತೆಗಿಳಿದಳು. ತಡೆಯಲು ಅಲ್ಲಿ ವಾಹನವೇ ಇರಲಿಲ್ಲ. ಮುದುಕರೊಬ್ಬರು ಹಿಂದಿನಿಂದ ಜರ್ಮನಿನಲ್ಲಿ ಗದರಿದರು. ಅಕ್ಕ ಅರ್ಧದಿಂದ ವಾಪಸ್ ಬಂದು, ಅವರ ಪಕ್ಕದಲ್ಲೇ ವಿಧೇಯಳಾಗಿ ನಿಂತು, ಹಸಿರು ದೀಪ ಬಂದ ಮೇಲೆ ಅವರಿಗೆ ಕೈಮುಗಿದು ದಾಟಿದಳು. ಅವರು ಟೋಪಿ ಎತ್ತಿದರು.

ನಾನು ಇಷ್ಟು ದೂರ ಏಕೆ ಹೊರಟೆನೆಂದು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಅಡುಗೆಮನೆಯ ಕಟ್ಟೆಯ ಗ್ರಾನೈಟನ್ನು ಹತ್ತಿರದಿಂದ ನೋಡಿ. ಬಿಳಿ ಅಥವಾ ಗುಲಾಬಿ ಕಣಗಳಿರುತ್ತವೆ, ಗಾಜಿನಂಥ ಕಣಗಳಿರುತ್ತವೆ, ನಡುನಡುವೆ ಮಿರುಗುವ ಚೂರುಗಳಿರುತ್ತವೆ. ಆ ಮಿರುಗುವುದೇ ಅಭ್ರಕ. ಭೂಮಿಯೊಳಗೆ ಕರಗಿದ ಕಲ್ಲು ತಣ್ಣಗಾಗುವಾಗ ಬೇರೆ ಖನಿಜಗಳು ಬೇಡವೆಂದು ಬಿಟ್ಟದ್ದನ್ನೆಲ್ಲ ಅಭ್ರಕ ತನ್ನ ಪದರಗಳೊಳಗೆ ಸೇರಿಸಿಕೊಳ್ಳುತ್ತದೆ. ಅದನ್ನು ಸರಿಯಾಗಿ ಓದಿದರೆ ಬಂಡೆ ಹುಟ್ಟಿದ ಬಗೆ ತಿಳಿಯುತ್ತದೆ. ಲಿಥಿಯಂ ಮತ್ತು ಕಬ್ಬಿಣ ಎರಡನ್ನೂ ಸೇರಿಸಿಕೊಂಡ ಒಂದು ಅಭ್ರಕಕ್ಕೆ ಜರ್ಮನಿಯ ಗಡಿಯ ಹಳ್ಳಿ ಝಿನ್‌ವಾಲ್ಡಿನ ಹೆಸರನ್ನೇ ಇಟ್ಟಿದ್ದಾರೆ. ಇಪ್ಪತ್ತೇಳು ವರ್ಷಗಳ ಹಿಂದೆ, ನಾಗಮಂಗಲದಾಚೆಯ ಒಂದು ಗುಡ್ಡದಲ್ಲಿ ಅಂಥದೇ ಅಭ್ರಕ ಸಿಕ್ಕಿದೆಯೆಂದು ನಾನು ಲೇಖನ ಬರೆದೆ. ಹೆಸರು ಬಂತು. ನಾನು ಪ್ರೊಫೆಸರ್ ಆದದ್ದರಲ್ಲೂ ಆ ಲೇಖನದ ಪಾಲಿದೆ.

ಆಗ ಹಾಲರ್ ಎಂಬ ಜರ್ಮನ್ ವಿಜ್ಞಾನಿ ಒಂದು ಚೂರು ಕಳಿಸಿಕೊಡಿ ಎಂದು ಬರೆದರು. ಕಳಿಸಿದೆ. ಅವರು ಪರೀಕ್ಷಿಸಿ, ಇದು ತೀರಾ ಸಾಮಾನ್ಯ ಅಭ್ರಕ, ಲಿಥಿಯಂ ಇಲ್ಲವೇ ಇಲ್ಲ ಎಂದು ಎರಡು ಪುಟ ಪ್ರಕಟಿಸಿದರು. ನನಗೆ ಮೈಯೆಲ್ಲ ಉರಿಯಿತು. ತೀರ್ಪು ಕೊಡುವ ಮೊದಲು ಆ ಮಹನೀಯರು ಗುಡ್ಡ ಹತ್ತಿ ನೋಡಬೇಕಿತ್ತು ಎಂದು ಅಷ್ಟೇ ಖಾರವಾಗಿ ಉತ್ತರ ಬರೆದೆ. ಇನ್ನೊಂದು ಚೂರು ಕಳಿಸಿ, ಮತ್ತೆ ನೋಡೋಣ ಎಂದು ಅವರು ಬರೆದ ಪತ್ರಕ್ಕೆ ಉತ್ತರವನ್ನೇ ಕೊಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷದ ತರಗತಿಯಲ್ಲೂ ಬಿಳಿಯರ ಅಹಂಕಾರಕ್ಕೆ ಉದಾಹರಣೆಯಾಗಿ ಆ ಕಥೆ ಹೇಳುತ್ತಿದ್ದೆ.

ಹೋದ ವರ್ಷ ಕಾಲೇಜಿನ ನನ್ನ ಹಳೆಯ ಕಪಾಟು ಖಾಲಿ ಮಾಡಬೇಕಾಗಿ ಬಂತು. ನನ್ನ ಹಳೆಯ ವಿದ್ಯಾರ್ಥಿ ಬಸವರಾಜ, ಕೊಪ್ಪಳದ ಕಡೆಯವನು, ಈಗ ಅದೇ ವಿಭಾಗದಲ್ಲಿ ಕಲಿಸುತ್ತಾನೆ. ಹೊಸ ಉಪಕರಣ ಬಂದಿದೆಯಲ್ಲ ಎಂದು, ಕಪಾಟಿನಲ್ಲಿದ್ದ ನನ್ನ ಲೇಖನದ ಆ ಪ್ರಸಿದ್ಧ ಕಲ್ಲನ್ನು ತೊಳೆದು ಪರೀಕ್ಷೆಗಿಟ್ಟ. ಎರಡು ದಿನ ಫೋನ್ ಮಾಡಲಿಲ್ಲ. ಮೂರನೇ ದಿನ ಮನೆಗೇ ಬಂದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದ:

"ಮೇಡಂ, ಇದು ನಮ್ಮ ಗುಡ್ಡದ್ದಲ್ರೀ."

ಕಲ್ಲಿನ ಪದರಗಳ ನಡುವೆ ತವರದ ಅದಿರಿನ ಕಣಗಳಿದ್ದವು. ಅದು ಝಿನ್‌ವಾಲ್ಡಿನ ಗಣಿಯ ಗುರುತು. ಅಷ್ಟೇ ಅಲ್ಲ, ಅಂಚಿನ ಕೊಳೆ ಹೋದ ಮೇಲೆ ಸಣ್ಣ ಮಸಿಯ ಅಂಕಿಗಳು ಕಂಡವು. ಹೋಲಿಸಿ ನೋಡುವುದಕ್ಕೆಂದು ಹಿಂದೆ ಯಾವಾಗಲೋ ಜರ್ಮನಿಯಿಂದ ನಮ್ಮ ವಿಭಾಗಕ್ಕೆ ಬಂದಿದ್ದ ಮಾದರಿ ಅದು. ತೊಳೆದು ಒಣಗಲು ಕಿಟಕಿಯ ಬಳಿ ತಟ್ಟೆಗಳಲ್ಲಿ ಇಟ್ಟಾಗಲೋ ಏನೋ, ಅದರ ಚೀಟಿಯೂ ನಮ್ಮ ಗುಡ್ಡದ ಕಲ್ಲಿನ ಚೀಟಿಯೂ ಅದಲುಬದಲಾಗಿದ್ದವು. ಚೀಟಿಯ ಮೇಲಿದ್ದ ಅಕ್ಷರ ನನ್ನದು. ನಾನು ಪರೀಕ್ಷಿಸಿ ಲೇಖನ ಬರೆದದ್ದು ಜರ್ಮನಿಯ ಕಲ್ಲಿನ ಮೇಲೆ, ಹಾಲರ್ ಅವರಿಗೆ ಕಳಿಸಿದ್ದು ಗುಡ್ಡದಿಂದ ತಂದ ಚೀಲದಲ್ಲಿ ಉಳಿದಿದ್ದ ಚೂರು. ಅಂದರೆ ಅವರು ಬರೆದದ್ದು ಸರಿಯಾಗಿಯೇ ಇತ್ತು.

ನಮ್ಮಿಬ್ಬರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ ಎಂದು ಬಸವರಾಜ ಹೇಳಿ ಹೋದ. ಅವನ ಸ್ವಂತ ಪ್ರಬಂಧದ ಮೊದಲ ಅಧ್ಯಾಯ ನನ್ನ ಆ ಲೇಖನದ ಮೇಲೆ ನಿಂತಿತ್ತು. ಅದೇ ಸಮಯಕ್ಕೆ ಝಿನ್‌ವಾಲ್ಡಿನ ಖನಿಜಾಸಕ್ತರ ಸಣ್ಣ ಸಭೆಯೊಂದರಿಂದ ಕರೆ ಬಂತು: ನಿಮ್ಮ ಅಭ್ರಕದ ಕೆಲಸದ ಬಗ್ಗೆ ಮಾತಾಡಬೇಕು. ಬರುವವರ ಪಟ್ಟಿಯಲ್ಲಿ ಹಾಲರ್ ಹೆಸರೂ ಇತ್ತು. ನಾನು ಭಾಷಣವನ್ನು ಎರಡು ರೀತಿ ಸಿದ್ಧಮಾಡಿಕೊಂಡೆ. ಒಂದರಲ್ಲಿ ಈ ವಿಷಯ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಡ್ರೆಸ್ಡನ್ನಿನಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಿಂತಾಗಲೂ ಎರಡರಲ್ಲಿ ಯಾವುದೆಂದು ತೀರ್ಮಾನವಾಗಿರಲಿಲ್ಲ.

ಗಡಿ

ಮರುದಿನ ಪುಟ್ಟ ರೈಲಿನಲ್ಲಿ ಆಲ್ಟನ್‌ಬರ್ಗ್‌ವರೆಗೆ, ಅಲ್ಲಿಂದ ಬಸ್ಸು. ಬೆಟ್ಟದ ಮೇಲೆ ಮಂಜು ಕವಿದಿತ್ತು. ಎರಡೂ ಕಡೆ ನೆಟ್ಟಗೆ ನಿಂತ ಮರಗಳು. ಕೊನೆಯ ಸ್ಟಾಪಿನಲ್ಲಿ ಇಳಿದು, ಅತಿಥಿಗೃಹದವರು ಬರೆದ ದಾರಿಯಂತೆ ಪೆಟ್ಟಿಗೆ ಎಳೆದುಕೊಂಡು ನಡೆದೆವು. ನಾನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ. ಮೂವತ್ತೆಂಟು ವರ್ಷ ಮಕ್ಕಳಿಗೆ ನಕ್ಷೆ ಓದುವುದನ್ನು ಕಲಿಸಿದವಳು.

ಸ್ವಲ್ಪ ಹೊತ್ತಿಗೆ ಬೋರ್ಡುಗಳ ಭಾಷೆ ಬದಲಾಯಿತು. ರಸ್ತೆಬದಿಯಲ್ಲಿ ಅಂಗಡಿಸಾಲು, ಮುಂದೆ ಮಣ್ಣಿನ ಕುಳ್ಳರ ಬೊಂಬೆಗಳು, ಸಿಗರೇಟು, ಚಳಿಗಾಲದ ಟೋಪಿಗಳು. ಅಂಗಡಿಯಾಕೆ ವಿಯೆಟ್ನಾಮಿನವಳು. ನಾನು ವಿಳಾಸ ತೋರಿಸಿದಾಗ ನಕ್ಕು, ಅದು ಜರ್ಮನಿ, ನೀವು ಈಗ ನಿಂತಿರುವುದು ಚೆಕ್ ದೇಶದಲ್ಲಿ ಎಂದಳು. ಗೇಟಿಲ್ಲ, ಪೊಲೀಸರಿಲ್ಲ, ಯಾರೂ ನಮ್ಮನ್ನು ಕೇಳಲಿಲ್ಲ. ಅಕ್ಕ ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿದಳು.

"ಇಷ್ಟೇನಾ ಒಂದು ದೇಸ?" ಅಂದಳು. ಪುಟ್ಟೇನಹಳ್ಳಿಯಿಂದ ಯಶವಂತಪುರದ ಮಾರ್ಕೆಟ್ಟಿಗೆ ಹೋಗಬೇಕಾದರೆ ಅವಳಿಗೆ ಒಂದು ಬೆಳಗ್ಗೆಯೇ ಬೇಕು. ಇಲ್ಲಿ ಹತ್ತು ನಿಮಿಷದಲ್ಲಿ ದೇಶ ದಾಟಿದ್ದೆವು. ವಾಪಸ್ ಬರುವಾಗ ಅವಳು ಬೇಕೆಂದೇ ಗಡಿಯ ಕಲ್ಲಿನ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತು ಫೋಟೋ ತೆಗೆಸಿಕೊಂಡಳು. ಆ ಫೋಟೋ ಈಗ ಅವಳ ಮಕ್ಕಳ ಆಫೀಸಿನ ಗೋಡೆಯಲ್ಲಿದೆ.

ಉರ್ಸುಲಾ ಅವರ ಮನೆ

ಅತಿಥಿಗೃಹ ನಡೆಸುವ ಉರ್ಸುಲಾ ಎಪ್ಪತ್ತರ ಹತ್ತಿರದವರು. ಗಂಡ, ಮಾವ, ಮಾವನ ಅಪ್ಪ ಎಲ್ಲರೂ ತವರದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ಮೊಬೈಲಿನ, ಕಾರಿನ ಬ್ಯಾಟರಿಗಳಿಗೆ ಲಿಥಿಯಂ ಬೇಕೆಂದು, ಹಿಂದಿನವರು ಕಸವೆಂದು ಗುಡ್ಡೆ ಹಾಕಿದ್ದ ಅಭ್ರಕಕ್ಕೆ ಬೆಲೆ ಬಂದಿದೆ. ಮತ್ತೆ ಗಣಿ ತೆರೆಯುವ ಮಾತು ನಡೆದಿದೆಯಂತೆ. ಕೆಲವು ಮನೆಗಳ ಬೇಲಿಯಲ್ಲಿ ಬೇಡ ಎಂಬ ಫಲಕಗಳಿದ್ದವು. ಉರ್ಸುಲಾ ಮಾತ್ರ ಎರಡೂ ಕಡೆ ಸೇರದೆ, ಮಗಳಿಗೆ ಕೆಲಸ ಸಿಕ್ಕಿದರೆ ಒಳ್ಳೆಯದು, ಲಾರಿಗಳು ಬಂದರೆ ಕೆಟ್ಟದ್ದು ಎನ್ನುತ್ತಿದ್ದರು. ಅಕ್ಕನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಏರ್‌ಪೋರ್ಟ್ ಬರುತ್ತದೆ ಎಂದಾಗ ನಮ್ಮ ಊರುಗಳ ಜಗಲಿಯ ಮೇಲೆ ನಡೆದದ್ದೂ ಇದೇ ಮಾತು.

ಊಟಕ್ಕೆ ಉರ್ಸುಲಾ ಆಲೂಗಡ್ಡೆಯ ದೊಡ್ಡ ಬಿಳಿ ಉಂಡೆಗಳನ್ನು, ಜೊತೆಗೆ ಅಣಬೆಯ ಸಾರಿನಂಥದ್ದನ್ನು ತಂದಿಟ್ಟರು. ಅಕ್ಕನ ಮುಖ ಅರಳಿತು. "ಮುದ್ದೆ ಮಾಡವ್ರೆ ಕಣೆ ನಾಗೂ" ಅಂದಳು. ಚಮಚ ಪಕ್ಕಕ್ಕಿಟ್ಟು, ಉಂಡೆ ಮುರಿದು, ಸಾರಿನಲ್ಲಿ ಅದ್ದಿ, ನಾವು ಮುದ್ದೆ ನುಂಗುವಂತೆ ಅಗಿಯದೆ ನುಂಗಿದಳು. ಉರ್ಸುಲಾ ಗಾಬರಿಯಾಗಿ ನೀರಿನ ಲೋಟ ಹಿಡಿದು ಓಡಿಬಂದರು. ಎರಡನೆಯ ತುತ್ತೂ ಹಾಗೆಯೇ ಇಳಿದಾಗ, ಗಂಟಲಲ್ಲಿ ಸಿಕ್ಕಿಕೊಂಡಿಲ್ಲ, ಇದೊಂದು ಪದ್ಧತಿ ಎಂದು ಅವರಿಗೆ ಅರ್ಥವಾಯಿತು. ಕೊನೆಗೆ ತಾವೂ ಒಂದು ತುತ್ತು ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು. ಮರುದಿನ ಬೆಳಗ್ಗೆ ಅಕ್ಕ ಪೆಟ್ಟಿಗೆಯಿಂದ ರಾಗಿಹಿಟ್ಟು ತೆಗೆದು ಅವರ ಒಲೆಯ ಮುಂದೆ ನಿಂತಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಆದರೂ ಅಡುಗೆಮನೆಯಿಂದ ಮಾತು ನಿಲ್ಲುತ್ತಿರಲಿಲ್ಲ.

ನನಗೆ ಊಟ ಸೇರುತ್ತಿರಲಿಲ್ಲ. ಅಕ್ಕ ಗಮನಿಸಿದ್ದಳು. ಸಭೆಯ ಹಿಂದಿನ ದಿನ ಸಂಜೆ, ಇನ್ನೂ ಬಿಸಿಲಿದ್ದಾಗ, ಮನೆಯೆದುರಿನ ಬೆಂಚಿನ ಮೇಲೆ ಕೂರಿಸಿಕೊಂಡು ಏನಾಗಿದೆ ಹೇಳು ಎಂದಳು. ಹೇಳಿದೆ. ಲಿಥಿಯಂ ಗಿಥಿಯಂ ಬಿಟ್ಟು, ಎರಡು ಕಲ್ಲು, ಎರಡು ಚೀಟಿ, ನಾನು ಬೈದ ಒಬ್ಬ ಮನುಷ್ಯ, ಇಷ್ಟನ್ನೇ ಹೇಳಿದೆ. ಪ್ರೊಫೆಸರ್ ಆದದ್ದನ್ನೂ ಬಿಡಲಿಲ್ಲ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಪೂರ್ತಿ ಕೇಳಿಸಿಕೊಂಡಳು.

"ಆ ಮನ್ಸ ಇನ್ನೂ ಬದುಕವ್ನಾ?"

"ಬದುಕಿದ್ದಾರೆ. ನಾಳೆ ಬರ್ತಾರೆ."

"ಅಂಗಾದ್ರೆ ಏಳ್ಬಿಡು. ಅವ್ನು ಸತ್ತೋದ್ಮೇಲೆ ಯಾರ ಅತ್ರ ಓಗಿ ಏಳ್ತೀಯ?"

ನನ್ನ ಹೆಸರು ಏನಾಗುತ್ತೆ ಅಕ್ಕ ಎಂದು ಕೇಳಿದೆ. ಅವಳು, ಉರ್ಸುಲಾ ಒಳಗಿಂದ ಕರೆದರು ಎಂದು ಎದ್ದುಹೋದಳು.

ಸಭೆ

ಊರಿನ ಅಗ್ನಿಶಾಮಕ ದಳದ ಕಟ್ಟಡದ ಮಹಡಿಯ ಹಾಲಿನಲ್ಲಿ ಸಭೆ. ಮೂವತ್ತು ಜನವಿದ್ದರೆ ಹೆಚ್ಚು. ನಿವೃತ್ತ ಗಣಿ ಕೆಲಸಗಾರರು, ಕಲ್ಲು ಸಂಗ್ರಹಿಸುವ ಹವ್ಯಾಸದವರು, ಐದಾರು ಪ್ರಾಧ್ಯಾಪಕರು. ಉದ್ದನೆಯ ಮರದ ಮೇಜುಗಳು. ಅಕ್ಕ ರೇಷ್ಮೆ ಸೀರೆಯುಟ್ಟು ಮೇಲೆ ಉರ್ಸುಲಾ ಕೊಟ್ಟ ಉಣ್ಣೆಯ ಕೋಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಳು. ಹಾಲರ್ ಯಾರೆಂದು ನನಗೆ ಗೊತ್ತಿರಲಿಲ್ಲ. ಎರಡನೇ ಸಾಲಿನ ಎತ್ತರದ ಮುದುಕರೊಬ್ಬರು ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತಿದ್ದುದನ್ನು ನೋಡಿ ಇವರೇ ಇರಬೇಕು ಅಂದುಕೊಂಡೆ.

ನಮ್ಮ ಗ್ರಾನೈಟುಗಳ ಬಗ್ಗೆ, ಅವುಗಳ ಅಭ್ರಕದ ಬಗ್ಗೆ ಮಾತಾಡಿದೆ. ಅದು ನನಗೆ ನೀರು ಕುಡಿದಷ್ಟು ಸುಲಭ. ನಾಗಮಂಗಲದ ಗುಡ್ಡದ ಚಿತ್ರ ಬಂತು. ಅಲ್ಲಿ ಸುಮ್ಮನೆ ಮುಂದಿನ ಚಿತ್ರಕ್ಕೆ ಹೋಗಬಹುದಿತ್ತು. ಬದಲಿಗೆ ಚೀಲದಿಂದ ಟವೆಲ್ ತೆಗೆದು, ಕಲ್ಲನ್ನು ಮೇಜಿನ ಮೇಲಿಟ್ಟೆ. ಇಪ್ಪತ್ತೇಳು ವರ್ಷ ನಮ್ಮ ಗುಡ್ಡದ್ದೆಂದು ನಾನು ಹೇಳಿಕೊಂಡು ಬಂದ ಕಲ್ಲು ಇದೇ, ಇದು ನಿಮ್ಮ ಊರಿನದು ಎಂದೆ. ಅಂಚಿನ ಮಸಿಯ ಅಂಕಿಗಳ ದೊಡ್ಡ ಚಿತ್ರ ತೋರಿಸಿದೆ. ಚೀಟಿ ಅದಲುಬದಲು ಮಾಡಿದ್ದು ನಾನು, ನಾನು ಕಳಿಸಿದ ಗುಡ್ಡದ ಚೂರು ಸಾಮಾನ್ಯ ಅಭ್ರಕ ಎಂದು ಬರೆದ ಡಾಕ್ಟರ್ ಹಾಲರ್ ಹೇಳಿದ್ದು ಸರಿ, ಅವರನ್ನು ಹಂಗಿಸಿದ್ದು ತಪ್ಪು, ಅವರ ಪತ್ರಕ್ಕೆ ಉತ್ತರಿಸದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟು ಹೇಳಿ ಕೂತುಬಿಟ್ಟೆ.

ಆಮೇಲೆ ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜಿನ ಮೇಲೆ ದಬದಬ ಬಡಿಯತೊಡಗಿದರು. ಹಾಲಿನ ತುಂಬ ಆ ಸದ್ದು. ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದಾರೆ ಅಂದುಕೊಂಡೆ. ಕೊನೆಯ ಸಾಲಿನಲ್ಲಿ ಅಕ್ಕ ಎದ್ದುನಿಂತು, ತನ್ನ ಚೀಲವನ್ನು ಎದೆಗವಚಿಕೊಂಡು ನನ್ನ ಕಡೆ ಬರತೊಡಗಿದಳು. ಪಕ್ಕದಲ್ಲಿದ್ದ ಅಧ್ಯಕ್ಷರು ನನ್ನ ಮುಖ ನೋಡಿ ವಿಷಯ ಊಹಿಸಿ, ಇಲ್ಲಿನ ವಿದ್ವತ್ಸಭೆಗಳಲ್ಲಿ ಚಪ್ಪಾಳೆಯ ಬದಲು ಹೀಗೆ ಮೇಜು ಬಡಿಯುತ್ತಾರೆ ಎಂದು ಕಿವಿಯಲ್ಲಿ ಹೇಳಿದರು. ನಾನು ಅಕ್ಕನಿಗೆ ಕೈಸನ್ನೆ ಮಾಡಿದೆ. ಅವಳು ಅರ್ಧ ದಾರಿಯಲ್ಲೇ ಖಾಲಿ ಕುರ್ಚಿ ನೋಡಿ ಕೂತು, ತಾನೂ ಎರಡು ಏಟು ಬಡಿದಳು.

ಕಾಫಿಯ ಹೊತ್ತಿಗೆ ಆ ಎತ್ತರದ ಮುದುಕರು ಕೋಲೂರಿಕೊಂಡು ಬಂದರು. ಹಾಲರ್ ಅವರೇ. ಎಂಬತ್ತು ದಾಟಿದೆ. ನಾನು ಎದ್ದುನಿಂತೆ. ಅವರು ಬಹಳ ಸಂಕೋಚದಿಂದ ಹೇಳಿದರು:

"ಕ್ಷಮಿಸಿ. ನೀವು ಹೇಳಿದ ಆ ಜಗಳ ನನಗೆ ನೆನಪೇ ಬರುತ್ತಿಲ್ಲ. ಅದರಲ್ಲಿ ಇದ್ದವನು ನಾನೇ ಹೌದೇ?"

ನೀವೇ ಎಂದೆ. ಪತ್ರಿಕೆಯ ಹೆಸರು ಹೇಳಿದೆ. ಅವರು ತಲೆಯಾಡಿಸಿದರು. ಆ ದಿನಗಳಲ್ಲಿ ಅಂಥ ಟಿಪ್ಪಣಿಗಳನ್ನು ಬಹಳ ಬರೆಯುತ್ತಿದ್ದರಂತೆ. ಮನೆಗೆ ಹೋಗಿ ಹುಡುಕುತ್ತೇನೆ ಎಂದು ನನ್ನ ಕೈ ಕುಲುಕಿ, ಸಿಹಿತಿಂಡಿಯ ತಟ್ಟೆಯ ಕಡೆ ನಡೆದರು.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಯಾರ ಜೊತೆ ಮನಸ್ಸಿನಲ್ಲೇ ವಾದ ಮಾಡುತ್ತ ಬಂದೆನೋ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂತು ಯಾರಿಗೆ ಹೊಸಹೊಸ ಉತ್ತರಗಳನ್ನು ಹೆಣೆಯುತ್ತಿದ್ದೆನೋ, ಆ ಮನುಷ್ಯನಿಗೆ ನಾನು ಯಾರೆಂದೇ ಗೊತ್ತಿಲ್ಲ. ಅಕ್ಕ ಬಂದು ಏನಂದರು ಎಂದು ಕೇಳಿದಳು. ಹೇಳಿದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸುತ್ತ, ಸದ್ದಿಲ್ಲದೆ ನಗತೊಡಗಿದಳು. ಅವಳು ನಿಲ್ಲಿಸಲೇ ಇಲ್ಲ. ಕೊನೆಗೆ ನನಗೂ ನಗು ಬಂತು. ಆ ಹೊತ್ತು ಮೂರು ತುಂಡು ಕೇಕು ತಿಂದೆ.

ಗುಡ್ಡದ ದಾರಿ

ಮರುದಿನ ಬೆಳಗ್ಗೆ ಉರ್ಸುಲಾ ಅವರ ಮನೆಯ ಮುಂದೆ ಹಳೆಯ ಪುಟ್ಟ ಕಾರೊಂದು ನಿಂತಿತು. ಹಾಲರ್ ಕೈಯಲ್ಲಿ ಹಳದಿಯಾದ ಹಾಳೆಗಳು. ನೆಲಮಾಳಿಗೆಯಲ್ಲಿ ಹುಡುಕಿ ತೆಗೆದಿದ್ದರು, ಅವರ ಟಿಪ್ಪಣಿ, ನನ್ನ ಉತ್ತರ ಎರಡೂ.

"ನನ್ನನ್ನು ಚೆನ್ನಾಗಿಯೇ ಬೈದಿದ್ದೀರಿ" ಎಂದರು. ಅವರಿಗೆ ಖುಷಿಯಾದಂತಿತ್ತು.

ಮೊದಲು ಊರಿನ ಗಣಿಯ ಸಂಗ್ರಹಾಲಯಕ್ಕೆ ಹೋದೆವು. ಅಲ್ಲಿದ್ದ ಹೆಂಗಸು ಹಳೆಯ ಪಟ್ಟಿಯ ಪುಸ್ತಕ ತೆಗೆದು, ಕಲ್ಲಿನ ಅಂಕಿಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸಾಲು ಹುಡುಕಿದಳು. ಕೈಬರಹದಲ್ಲಿ ಅದೇ ಅಂಕಿ, ಮುಂದೆ ಭಾರತ ಎಂದಿತ್ತು. ಕಲ್ಲನ್ನು ಅವಳಿಗೆ ಕೊಟ್ಟೆ. ಹಗುರವಾದ ಚೀಲ ಹೆಗಲಿಗೆ ಹಾಕಿಕೊಂಡು ನಾವು ಮೂವರೂ ಊರ ಮೇಲಿನ ದಾರಿಯಲ್ಲಿ ನಡೆದೆವು. ಹಳೆಯ ಗಣಿಯವರು ಸುರಿದ ಕಲ್ಲಿನ ರಾಶಿಗಳ ಮೇಲೆ ಈಗ ಹುಲ್ಲು ಬೆಳೆದಿದೆ. ಬೂಟಿನ ತುದಿಯಿಂದ ಕೆದಕಿದರೆ ಬೆಳ್ಳಿಬಣ್ಣದ ಅಭ್ರಕ ಹೊಳೆಯುತ್ತದೆ. ಅಕ್ಕ ಬಗ್ಗಿ ಒಂದು ಚೂರು ಎತ್ತಿಕೊಂಡು ನಮ್ಮ ಬಾವಿಯದ್ದು ಇದಕ್ಕಿಂತ ಕಪ್ಪಗಿತ್ತು ಅಂದಳು. ಸರಿಯಾಗಿಯೇ ಹೇಳಿದ್ದಳು.

ಹಾಲರ್ ಒಂದು ಬಂಡೆಯ ಮೇಲೆ ಕೂತು ಹಾಳೆಗಳನ್ನು ಮತ್ತೆ ತೆರೆದರು. ನಿನ್ನೆ ನೀವು ತಪ್ಪೊಪ್ಪಿಕೊಂಡದ್ದರಲ್ಲಿ ಒಂದು ದೋಷವಿದೆ ಎಂದರು. ಅವರು ಆಗ ಪರೀಕ್ಷಿಸಿದ್ದು ನಾನು ಕಳಿಸಿದ ಒಂದೇ ಚೂರಿನ ಒಂದೇ ಪದರವಂತೆ. ಅಷ್ಟರಿಂದ ಇಡೀ ಗುಡ್ಡದ ಬಗ್ಗೆ ಹೇಳಿದ್ದು ಅವರದೂ ಆತುರ. ನಾನೀಗ ತೋರಿಸಿರುವುದು ನನ್ನ ಕಲ್ಲು ಇಲ್ಲಿಯದೆಂದು ಮಾತ್ರ. ಆ ಗುಡ್ಡದಲ್ಲಿ ಅಂಥ ಅಭ್ರಕ ಇಲ್ಲವೆಂದು ಇಬ್ಬರಲ್ಲಿ ಯಾರೂ ತೋರಿಸಿಲ್ಲ.

ಆಮೇಲೆ ಅವರು ನನ್ನ ಉತ್ತರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಆ ಮಹನೀಯರು ಗುಡ್ಡ ಹತ್ತಿ ನೋಡಬೇಕಿತ್ತು ಎಂಬ ಸಾಲು.

"ನೀವು ಮತ್ತೆ ಹತ್ತಿದಿರಾ?"

ಇಲ್ಲ ಎಂದೆ. ಅವರು ಮುಂದೆ ಕೇಳಲಿಲ್ಲ. ಕೇಳದಿದ್ದರೂ ಉತ್ತರ ನನ್ನೊಳಗೆ ಎದ್ದು ನಿಂತಿತು. ಬೆಂಗಳೂರಿನಿಂದ ಎರಡೂವರೆ ಗಂಟೆಯ ದಾರಿ. ಇಪ್ಪತ್ತೇಳು ವರ್ಷಗಳಲ್ಲಿ ಆ ಕಡೆಯ ಮದುವೆಗಳಿಗೆ ಹೋಗಿದ್ದೇನೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಪಕ್ಕದ ತಾಲ್ಲೂಕಿನ ಬಂಡೆಗಳನ್ನೆಲ್ಲ ಸುತ್ತಿಸಿದ್ದೇನೆ. ಆ ಗುಡ್ಡಕ್ಕೆ ಮಾತ್ರ ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ದಾರಿ ಸರಿಯಿಲ್ಲ, ಮಳೆ ಬರುವಂತಿದೆ, ಸಮಯವಿಲ್ಲ. ಹಾಲರ್ ಅವರ ಎರಡು ಪುಟ ಓದಿದ ದಿನವೇ ನನ್ನೊಳಗೆಲ್ಲೋ ಅನುಮಾನ ಹುಟ್ಟಿತ್ತು. ಹೋಗಿ ನೋಡಿದರೆ ಅದು ನಿಜವಾಗಿಬಿಡುತ್ತದೆಂದು ಹೆದರಿದ್ದೆ. ಚೀಟಿ ಬದಲಾದದ್ದು ಅಜಾಗರೂಕತೆ. ಗುಡ್ಡಕ್ಕೆ ಹೋಗದೇ ಇದ್ದದ್ದು ಅಜಾಗರೂಕತೆಯಲ್ಲ.

ಇದನ್ನು ಹಾಲರ್ ಅವರಿಗೂ ಹೇಳಿದೆ. ಅವರು ತಮಗೂ ಅಂಥ ಒಂದು ಗುಡ್ಡವಿದೆ, ಪೋರ್ಚುಗಲ್ಲಿನಲ್ಲಿ, ಈಗ ಕಾಲು ಸಾಗುವುದಿಲ್ಲ ಎಂದರು. ನಂತರ ಅಕ್ಕನ ಕೈಯಲ್ಲಿದ್ದ ಚೂರನ್ನು ನೋಡಲು ಕೇಳಿದರು.

ಹೊರಡುವ ದಿನ ಉರ್ಸುಲಾ ಅಕ್ಕನಿಗೆ ಒಣಗಿಸಿದ ಅಣಬೆಯ ಪೊಟ್ಟಣ ಕೊಟ್ಟರು. ಅಕ್ಕ ಉಳಿದ ರಾಗಿಹಿಟ್ಟನ್ನೆಲ್ಲ ಅವರ ಡಬ್ಬಿಗೆ ಸುರಿದಳು. ಬಸ್ಸು ಬರುವವರೆಗೂ ಇಬ್ಬರೂ ತಮ್ಮತಮ್ಮ ಭಾಷೆಯಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು.

ಪುಟ್ಟೇನಹಳ್ಳಿ

ಬಂದ ಮೂರನೇ ವಾರ ಬಸವರಾಜನ ಕಾರಿನಲ್ಲಿ ನಾಗಮಂಗಲದ ಕಡೆ ಹೋದೆವು. ಗುಡ್ಡದ ಒಂದು ಪಕ್ಕವನ್ನು ಜಲ್ಲಿಗೆಂದು ಒಡೆದಿದ್ದಾರೆ. ಉಳಿದದ್ದು ಹಾಗೇ ಇದೆ. ನನ್ನ ಮಂಡಿ ಎಲ್ಲಿ ಬೇಡವೆಂದಿತೋ ಅಲ್ಲಿ ಬಸವರಾಜ ಕೈಕೊಟ್ಟ. ಅಲ್ಲಿಗೆ ಹೋಗುವವರೆಗೂ ಅವನು ಸ್ವಲ್ಪ ಬಿಗಿಯಾಗಿದ್ದ. ಅವನ ಮೊದಲ ಅಧ್ಯಾಯ ನನ್ನಿಂದ ಹಾಳಾಗಿತ್ತಲ್ಲ. ಸಭೆಯಲ್ಲಿ ಹೇಳುವ ಮೊದಲು ಅವನನ್ನೊಂದು ಮಾತು ಕೇಳಬೇಕಿತ್ತು, ಕೇಳಿರಲಿಲ್ಲ. ಅದಕ್ಕೂ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಮೇಡಂ, ಉಳಿದ ನಾಕ ಅಧ್ಯಾಯ ನಂದಽ ಅದಾವಲ್ಲ" ಅಂದ. ಮಧ್ಯಾಹ್ನದವರೆಗೆ ಗುಡ್ಡದ ಎಲ್ಲ ಮಗ್ಗುಲಿನಿಂದ ಚೂರುಗಳನ್ನು ಆರಿಸಿದೆವು. ಒಂದೊಂದನ್ನೂ ಚೀಲಕ್ಕೆ ಹಾಕುವಾಗ ಚೀಟಿಯನ್ನು ಅವನು ಬರೆದ, ನಾನು ಗಟ್ಟಿಯಾಗಿ ಓದಿ ಸಹಿ ಹಾಕಿದೆ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಒಂದರಲ್ಲೂ ಲಿಥಿಯಂ ಇಲ್ಲ. ನಮ್ಮ ಕಡೆಯ ಯಾವ ಗುಡ್ಡದಲ್ಲೂ ಸಿಗುವಂಥ, ಬಾವಿ ತೋಡಿದರೆ ಸಿಗುವಂಥ ಸಾಮಾನ್ಯ ಅಭ್ರಕ. ಹಳೆಯ ಪತ್ರಿಕೆಗೆ ತಿದ್ದುಪಡಿ ಬರೆದು, ಬಸವರಾಜನ ಹೆಸರನ್ನು ಮೊದಲು ಹಾಕಿ ಕಳಿಸಿದೆ. ಹಾಲರ್ ಅವರಿಗೂ ಒಂದು ಪ್ರತಿ ಹೋಯಿತು. ಕಳಿಸಿದ ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಬಾಗಿಲ ಮುಂದೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

ಗುಡ್ಡದಲ್ಲಿ ಏನಾದರೂ ಸಿಕ್ಕಿತಾ ಎಂದು ಕೇಳಿದಳು.

"ಇಲ್ಲ ಅಕ್ಕ. ಏನೂ ಇಲ್ಲ."

ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. "ಮತ್ಯಾಕೆ ಮದ್ವೆಮನೆಯಿಂದ ಬಂದೋಳಂಗೆ ಇದೀಯ?"

"ಇಲ್ಲ ಅಂತ ಈ ಸಲ ನಾನೇ ಹೋಗಿ ನೋಡ್ಕೊಂಡು ಬಂದೆ" ಅಂದೆ.

ಅಕ್ಕ ಮೊರವನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದಳು. ನಾನು ಪಕ್ಕದಲ್ಲಿ ಕೂತು ಅವರೆಕಾಯಿಗೆ ಕೈಹಾಕಿದೆ.